ಗೆರೆಯೊಳಗಿನ ಮನೆ

ಹಾರ್ಲನ್ ಗ್ರೋವ್, ಒಹಾಯೊ
6 ಮಾರ್ಚ್ 2022

ಮಗಳೇ ರೊಂಡಾ,

ಫೋನಿನಲ್ಲಿ ನೀನು ಅಳುತ್ತಿದ್ದೆಯೋ ಬಯ್ಯುತ್ತಿದ್ದೆಯೋ ನನಗೆ ತಿಳಿಯಲಿಲ್ಲ. ಈ ಕಿವಿಗೆ ಎರಡೂ ಒಂದೇ, ಡಬ್ಬಿಯೊಳಗೆ ಜೀರುಂಡೆ ಬಿಟ್ಟ ಹಾಗೆ ಕೇಳಿಸುತ್ತದೆ. ಅದಕ್ಕೇ ಇಟ್ಟುಬಿಟ್ಟೆ, ಮುನಿಸಿಕೊಂಡಲ್ಲ. ಇನ್ನು ಮೇಲೆ ಹೇಳುವುದಿದ್ದರೆ ಬರೆ. ನಾನು ಓದಿದ್ದು ಕೆಂಟಕಿಯ ಗುಡ್ಡದ ಊರಿನ ಒಂದೇ ಕೋಣೆಯ ಸ್ಕೂಲಿನಲ್ಲಿ, ಅದೂ ಎಂಟನೇ ತರಗತಿವರೆಗೆ. ಆದರೂ ಕಾಗದದ ಮೇಲಿನ ಮಾತು ನನಗೆ ಇನ್ನೂ ನೆಟ್ಟಗೆ ಕೇಳುತ್ತದೆ.

ನೀನು ಕಳಿಸಿದ ಲಕೋಟೆ ಬಂತು. ಐದನೇ ಮನೆಯೂ ಕೈ ತಪ್ಪಿತಂತೆ. ಫೋಟೋ ನೋಡಿದೆ. ಅದನ್ನು ಮನೆ ಅನ್ನುತ್ತಾರೇನೇ? ಒಲೆಯ ಬಾಗಿಲು ತೆಗೆದರೆ ಅಡುಗೆ ಮಾಡುವವಳು ಹಜಾರದಲ್ಲಿ ನಿಲ್ಲಬೇಕು. ನೆಲಮಾಳಿಗೆಯ ಗೋಡೆಗೆ ನೀರು ನಿಂತ ಗುರುತು ನನ್ನ ಮೊಣಕಾಲಿನ ಎತ್ತರಕ್ಕಿದೆ. ಅಂಥದ್ದಕ್ಕೆ ಕೇಳಿದ್ದಕ್ಕಿಂತ ಮೂವತ್ತು ಸಾವಿರ ಡಾಲರು ಮೇಲೆ ಕೊಟ್ಟು ಯಾರೋ ಎತ್ತಿಕೊಂಡು ಹೋದರಂತೆ. ಯಾಕಂದರೆ ಅಲ್ಲಿಯ ಸ್ಕೂಲಿಗೆ ಹತ್ತಕ್ಕೆ ಹತ್ತು. ಅದೇ ರಸ್ತೆಯ ಎದುರು ಬದಿಯಲ್ಲಿ, ಯಾವ ಮನೆಯ ಮಗು ಯಾವ ಊರಿನ ಸ್ಕೂಲಿಗೆ ಅಂತ ಹಂಚುವ ಗೆರೆಯ ಆಚೆ, ಒಣಗಿದ ನೆಲಮಾಳಿಗೆಯ ಮನೆಗೆ ಅರ್ಧ ಬೆಲೆ. ಅಲ್ಲಿಯ ಸ್ಕೂಲಿಗೆ ಹತ್ತಕ್ಕೆ ಮೂರು. ನಮ್ಮ ಕಾಲದಲ್ಲಿ ಅಂಕ ಕೊಡುತ್ತಿದ್ದದ್ದು ಮಕ್ಕಳಿಗೆ. ಈಗ ಅಂಕ ಸ್ಕೂಲಿಗೆ, ಬೆಲೆ ಗೋಡೆಗೆ, ಮಗುವಿಗೆ ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕಂಡವರ ಮನೆ ನೋಡುವ ತಿರುಗಾಟ.

ಇನ್ನು ಆ ಪತ್ರದ ವಿಷಯ. ಮಾರುವವರ ಮನಸ್ಸು ಕರಗಲಿ ಅಂತ ಕೊಳ್ಳುವವರು ಈಗ ಪತ್ರ ಬರೆದು ಕಳಿಸುತ್ತಾರಂತೆ, ಮದುವೆಗೆ ಹುಡುಗಿ ಕೇಳಿದ ಹಾಗೆ. ನೀನು ಬರೆದದ್ದರ ನಕಲು ಓದಿದೆ. "ನಿಮ್ಮ ಹಿತ್ತಿಲ ಮರದ ಕೆಳಗೆ ನಮ್ಮ ಡೆಲಾ ಆಡುವುದನ್ನು ನಾನು ಕಣ್ಣಲ್ಲಿ ಕಂಡೆ." ಚೆನ್ನಾಗಿಯೇ ಬರೆದಿದ್ದೀಯ. ನನಗೆ ನೀನು ಅಷ್ಟು ಚೆನ್ನಾಗಿ ಒಂದು ಕಾಗದ ಬರೆದು ಯಾವ ಕಾಲವಾಯಿತೋ. ಹೋಗಲಿ. ಅವರಿಗೆ ಬೇಕಾಗಿದ್ದದ್ದು ದುಡ್ಡು, ನಿನ್ನ ಕಣ್ಣಲ್ಲ.

ಡೆಲಾಗೆ ಮುತ್ತು ಕೊಡು. ನಿನ್ನ ಗಂಡನಿಗೆ ಏನು ಹೇಳಬೇಕೋ ನೀನೇ ಹೇಳು.

ನಿನ್ನ ಅಮ್ಮ,
ಓಪಲ್


ವೆಸ್ಟ್ ಟಿಲ್ಟನ್
19 ಮಾರ್ಚ್

ಅಮ್ಮಾ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ತಡೆದೆ. ಪೂರ್ತಿ ಇಳಿದಿಲ್ಲ.

ನಾನು ಶೋಕಿಗೆ ಮನೆ ಹುಡುಕುತ್ತಿದ್ದೇನೆ ಎಂದುಕೊಂಡಿದ್ದೀಯ. ಡೆಲಾಗೆ ಎಂಟು ತುಂಬಿತು, ಅಮ್ಮ. ಇನ್ನೂ ಓದಲು ಬರುವುದಿಲ್ಲ. ಚಿತ್ರ ನೋಡಿ ಊಹಿಸುತ್ತಾಳೆ. ಕುದುರೆ ಕಂಡರೆ "ಕುದುರೆ" ಅನ್ನುತ್ತಾಳೆ, ಕೆಳಗೆ "ಗಾಡಿ" ಎಂದು ಬರೆದಿದ್ದರೂ. ಚಿತ್ರ ಮುಚ್ಚಿದರೆ ನನ್ನ ಮುಖ ನೋಡುತ್ತಾಳೆ, ಉತ್ತರ ಅಲ್ಲಿ ಬರೆದಿದೆಯೇನೋ ಎನ್ನುವಂತೆ. ಇಲ್ಲಿಯ ಟೀಚರು ಒಳ್ಳೆಯವಳು. ಆದರೆ ತರಗತಿ ಕಿಕ್ಕಿರಿದಿದೆ. ಓದು ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಕಲಿಸುವವರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು, ಕ್ರಿಸ್ಮಸ್ ಆದಮೇಲೆ ಅವರೂ ಬಂದಿಲ್ಲ. ಮೊನ್ನೆ ಟೀಚರು ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ನನ್ನ ಮಗು ಆಗಿದ್ರೆ ಗೆರೆ ದಾಟಿಸ್ಬಿಡ್ತಿದ್ದೆ. ನಾನ್ ಹೇಳ್ದೆ ಅಂತ ಮಾತ್ರ ಎಲ್ಲೂ ಅನ್ಬೇಡಿ."

ಹಾರ್ಲನ್ ಗ್ರೋವಿನಲ್ಲಿ ಅದೊಂದಕ್ಕೇ ಒಬ್ಬ ಟೀಚರು ದಿನವೂ ಇದ್ದಾರೆ. ನನಗೆ ಹತ್ತಕ್ಕೆ ಹತ್ತು ಬೇಡ. ಆ ಒಬ್ಬರು ಬೇಕು.

ಕರ್ಟಿಸ್ ಈಗ ಶನಿವಾರವೂ ಕೆಲಸಕ್ಕೆ ಹೋಗುತ್ತಾನೆ. ಹೋದ ವಾರ ನಿಮ್ಮ ಕಡೆ ಒಂದು ಮನೆಯ ಹೀಟರು ಸರಿಮಾಡಲು ಹೋಗಿದ್ದನಂತೆ. ಅಲ್ಲಿ ಡೆಲಾಗಿಂತ ಚಿಕ್ಕ ಹುಡುಗಿ ನಾಯಿಯನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳಂತೆ. ಕೆಲಸ ಮುಗಿದ ಮೇಲೆ ಅವನು ವ್ಯಾನಿನಲ್ಲಿ ಸುಮ್ಮನೆ ಕೂತಿದ್ದನಂತೆ. ಅಷ್ಟೇ ಹೇಳಿದ.

ಅವನಿಗೆ ಏನು ಹೇಳಬೇಕೋ ಹೇಳು ಅಂದಿದ್ದೀಯ. ಏನೂ ಹೇಳಲಿಲ್ಲ. ಎರಡು ಚಳಿಗಾಲದ ಹಿಂದೆ ನಿನ್ನ ಹೀಟರು ರಿಪೇರಿ ಮಾಡಿದಾಗ ಊಟಕ್ಕೆ ಕೂರಿಸದೆ, ಬಾಗಿಲಲ್ಲೇ ಲಕೋಟೆಯಲ್ಲಿ ದುಡ್ಡಿಟ್ಟು ಕೊಟ್ಟೆಯಲ್ಲ, ಆ ಲಕೋಟೆಯನ್ನು ಅವನು ಇವತ್ತಿಗೂ ಒಡೆದಿಲ್ಲ.

ರೊಂಡಾ


ಹಾರ್ಲನ್ ಗ್ರೋವ್
10 ಏಪ್ರಿಲ್

ಮಗಳೇ,

ದುಡಿದವನಿಗೆ ಕೂಲಿ ಕೊಟ್ಟದ್ದೂ ತಪ್ಪಾಯಿತಾ? ಕೊಡದಿದ್ದರೆ "ಅತ್ತೆ ಬಿಟ್ಟಿ ದುಡಿಸಿಕೊಂಡಳು" ಅನ್ನುತ್ತಿದ್ದಿರಿ. ಅವತ್ತು ಒಲೆಯ ಮೇಲೆ ಏನೂ ಇರಲಿಲ್ಲ, ಒಬ್ಬಳೇ ಇರುವವಳು ಬ್ರೆಡ್ಡು ಸುಟ್ಟುಕೊಂಡು ತಿನ್ನುತ್ತೇನೆ. ಮೊದಲೇ ತಿಳಿಸಿ ಬಂದಿದ್ದರೆ ಬೇರೆ ಮಾತು.

ಡೆಲಾಳ ವಿಷಯ ಓದಿದೆ. ನನ್ನ ಅಣ್ಣ ಎಮ್ಮೆಟ್ ಹಾಗೇ ಇದ್ದ. ಜಾಣ, ಇಡೀ ಎಂಜಿನ್ನು ಬಿಚ್ಚಿ ಕಟ್ಟುತ್ತಿದ್ದ, ಅಕ್ಷರ ಕಂಡರೆ ಬೆವರುತ್ತಿದ್ದ. ಸಾಯುವತನಕ ಹೋಟೆಲಿಗೆ ಹೋದರೆ "ನೀನೇನ್ ತಗೋತಿಯೋ ನನಗೂ ಅದೇ" ಅನ್ನುತ್ತಿದ್ದ. ಅವನು ವಿನಯ ತೋರಿಸುತ್ತಿದ್ದಾನೆ ಅಂತ ಜನ ತಿಳಿದಿದ್ದರು.

ಈ ಗೆರೆಯನ್ನು ನೋಡು. ನಾನೂ ನಿಮ್ಮಪ್ಪನೂ ಈ ಮನೆ ಕೊಂಡಾಗ ಸುತ್ತ ಸೋಯಾ ಹೊಲ. ರಾತ್ರಿ ಜಿಂಕೆ ಬಂದು ಮೆಟ್ಟಿಲ ಹತ್ತಿರ ನಿಲ್ಲುತ್ತಿತ್ತು. ಆಮೇಲೆ ದೊಡ್ಡ ದೊಡ್ಡ ಮನೆ ಬಂದವು, ಡಾಕ್ಟರುಗಳು ಬಂದರು, ಸ್ಕೂಲಿಗೆ ಹತ್ತಕ್ಕೆ ಹತ್ತು ಬಂತು. ನನ್ನ ಗೋಡೆಗೆ ಏನೂ ಬರಲಿಲ್ಲ, ಅದೇ ಬಣ್ಣ, ಅದೇ ಬಿರುಕು. ಬಂದದ್ದು ತೆರಿಗೆ. ಎರಡು ಮೂರು ವರ್ಷಕ್ಕೊಮ್ಮೆ "ಸ್ಕೂಲಿಗೆ ಇನ್ನಷ್ಟು ತೆರಿಗೆ ಕೊಡುತ್ತೀರಾ, ಹೌದೋ ಬೇಡವೋ" ಅಂತ ಊರವರ ಮತ ಕೇಳುತ್ತಾರೆ. ಈ ನವೆಂಬರಿನಲ್ಲೂ ಕೇಳುತ್ತಾರಂತೆ. ಪ್ರತಿ ಸಲ ನನ್ನದು "ಬೇಡ", ಈ ಸಲವೂ ಅದೇ. ಗಂಡ ಸತ್ತವಳ ಪಿಂಚಣಿಯಲ್ಲಿ ಡಾಕ್ಟರ ಮಕ್ಕಳ ಈಜುಕೊಳಕ್ಕೆ ನೀರು ತುಂಬಿಸಲು ನನ್ನಿಂದಾಗದು. ಮನೆ ಕಟ್ಟಿ ಮಾರುವವರು ವಾರಕ್ಕೊಬ್ಬರು ಬಾಗಿಲಿಗೆ ಕಾರ್ಡು ಸಿಕ್ಕಿಸಿ ಹೋಗುತ್ತಾರೆ, ನನ್ನದನ್ನು ಕೆಡವಿ ಅರಮನೆ ಎಬ್ಬಿಸಲಿಕ್ಕೆ. ನಾನು ಆ ಕಾರ್ಡುಗಳ ಮೇಲೆ ಕಾಫಿ ಲೋಟ ಇಡುತ್ತೇನೆ.

ಕೇಳು. ನಿಮಗೆ ಬೇಕಾಗಿರುವುದು ಗೆರೆಯೊಳಗಿನ ಒಂದು ವಿಳಾಸ ತಾನೇ? ನನ್ನದನ್ನು ಬರೆ. ಡೆಲಾ ಅಜ್ಜಿಯ ಹತ್ತಿರ ಇರುತ್ತಾಳೆ ಅಂತ ಬರೆ. ಬೆಳಿಗ್ಗೆ ಇಲ್ಲಿ ಇಳಿಸಿ ಹೋಗು, ಬಸ್ಸು ಬಾಗಿಲಿಗೇ ಬರುತ್ತದೆ, ಸಂಜೆ ಕರೆದುಕೊಂಡು ಹೋಗು. ಇಷ್ಟು ವರ್ಷ ತೆರಿಗೆ ಕಟ್ಟಿದ್ದೇನೆ, ಒಂದು ಬೆಂಚಿನ ಅರ್ಧ ನನ್ನದಲ್ಲವೇ?

ನಿನ್ನ ಅಮ್ಮ


ವೆಸ್ಟ್ ಟಿಲ್ಟನ್
22 ಮೇ

ಅಮ್ಮಾ,

ಬೇಡವೇ ಬೇಡ ಎಂದು ಬರೆಯಲು ಕೂತಿದ್ದೆ. ಸುಳ್ಳು ವಿಳಾಸ ಕೊಟ್ಟು ಸಿಕ್ಕಿಬಿದ್ದವರ ಸುದ್ದಿ ಕೇಳಿದ್ದೇನೆ. ಅಷ್ಟರಲ್ಲಿ ಕ್ವಾರಿ ರಸ್ತೆಯ ಮನೆ ಮಾರಾಟಕ್ಕೆ ಬಂತು.

ಚಿಕ್ಕದು, ಗಟ್ಟಿ, ನಮ್ಮ ಕೈಗೆ ಎಟುಕುವಂಥದ್ದು. ವಿಳಾಸ ಹಾರ್ಲನ್ ಗ್ರೋವ್. ನಾವು ಹೇಳಿದ ಬೆಲೆಗೆ ಮಾರುವವರು ಒಪ್ಪಿಯೂ ಬಿಟ್ಟರು. ಕರ್ಟಿಸ್ ಮನೆಯ ತಳದಿಂದ ಸೂರಿನವರೆಗೆ ತಪಾಸಣೆ ಮಾಡಿಸಿದ, ಅದಕ್ಕೂ ದುಡ್ಡು ತೆತ್ತ. ಸಹಿ ಹಾಕುವ ದಿನ ಬೆಳಿಗ್ಗೆ ಇನ್ನೊಂದು ಸಲ ನೋಡೋಣ ಎಂದು ಮೂವರೂ ಹೋಗಿ ಅದರ ಎದುರು ನಿಂತಿದ್ದೆವು. ಹಳದಿ ಬಸ್ಸು ಬಂದು ಬಾಗಿಲಲ್ಲಿ ನಿಂತಿತು. ಪಕ್ಕದ ಮನೆಯ ಮಕ್ಕಳು ಹತ್ತಿದರು. ಬಸ್ಸಿನ ಮೈಮೇಲೆ ದೊಡ್ಡದಾಗಿ ಬರೆದಿತ್ತು: ವೆಸ್ಟ್ ಟಿಲ್ಟನ್ ಶಾಲೆಗಳು.

ಟಪಾಲಿನ ಊರು ಒಂದು, ಸ್ಕೂಲಿನ ಊರು ಇನ್ನೊಂದು. ಪೋಸ್ಟು ಹಾರ್ಲನ್ ಗ್ರೋವಿನಿಂದ ಬರುತ್ತದೆ, ಬಸ್ಸು ನಮ್ಮಲ್ಲಿಂದಲೇ ಹೋಗುತ್ತದೆ. ಗೆರೆ ಹಿಂದಿನ ಬೇಲಿಯ ಮೇಲೆ ಹಾಯುತ್ತದೆ. ಮನೆ ಮಾರಿಸುವ ಹೆಂಗಸು "ಅಯ್ಯೋ, ಎಲ್ರೂ ಇದೇ ತಪ್ಪು ಮಾಡ್ತಾರೆ ಕಣ್ರೀ" ಎಂದಳು, ಹಾಲು ಚೆಲ್ಲಿದವರಿಗೆ ಹೇಳುವ ಹಾಗೆ. ಡೆಲಾ ಮಾತ್ರ ಬಸ್ಸಿನ ಅಕ್ಷರ ಓದಲಾರದೆ ಖುಷಿಯಿಂದ ಕೈ ಬೀಸುತ್ತಿದ್ದಳು.

ಸಹಿ ಹಾಕಲಿಲ್ಲ. ಆ ದಿನ ಸಂಜೆ ನಾನು ನಿನ್ನ ಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಒಳಗೆ ಬರಲಿಲ್ಲ. ಇಡೀ ಮನೆಯಲ್ಲಿ ಅಡುಗೆಮನೆಯ ದೀಪ ಒಂದೇ ಉರಿಯುತ್ತಿತ್ತು.

ಸರಿ. ನಿನ್ನ ವಿಳಾಸ ಬರೆಯುತ್ತೇನೆ. ಕರ್ಟಿಸ್ ಈ ವಿಷಯದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದಾನೆ.

ರೊಂಡಾ


ಹಾರ್ಲನ್ ಗ್ರೋವ್
18 ಸೆಪ್ಟೆಂಬರ್

ಮಗಳೇ,

ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ಹೋಗುತ್ತೀಯ, ಎಂಜಿನ್ನು ಆರಿಸುವುದಿಲ್ಲ. ಮಗುವನ್ನು ಇಳಿಸಿ ಪಾರ್ಸೆಲು ಕೊಟ್ಟವರ ಹಾಗೆ ಹೊರಟುಬಿಡುತ್ತೀಯ. ಅದಕ್ಕೇ ಇದನ್ನು ಬರೆದು ಅಂಚೆಗೆ ಹಾಕುತ್ತಿದ್ದೇನೆ.

ಡೆಲಾ ಓದುತ್ತಿದ್ದಾಳೆ. ನಿನಗೆ ಹೇಳಿದ್ದಾಳೋ ಇಲ್ಲವೋ. ಓದು ಕಲಿಸಲೆಂದೇ ಇರುವ ಆ ಟೀಚರು, ಮಿಸ್ ಲಿಂಡ್‌ಕ್ವಿಸ್ಟ್, ಮರಳು ತುಂಬಿದ ತಟ್ಟೆಯಲ್ಲಿ ಬೆರಳಿಂದ ಅಕ್ಷರ ಬರೆಸುತ್ತಾಳಂತೆ, ಬರೆಯುತ್ತಾ ಸದ್ದು ಮಾಡಬೇಕಂತೆ. ಬುಧವಾರ ನಾನು ಮೆಕ್ಕೆಜೋಳದ ಬ್ರೆಡ್ಡಿಗೆ ಕಲಸುತ್ತಿದ್ದೆ. ಇವಳು ಹಿಟ್ಟಿನ ಪೊಟ್ಟಣ ತಿರುಗಿಸಿ, ಹಿಂದುಗಡೆ ಬರೆದದ್ದನ್ನು ಬೆರಳಿಟ್ಟು, ಹಲ್ಲು ಕೀಳುವವರ ಮುಖ ಮಾಡಿಕೊಂಡು ಓದಿದಳು. "ಅಜ್ಜಿ, ಮೊಟ್ಟೆ ಎರಡು ಅಂತಿದೆ. ನೀನು ಒಂದೇ ಹಾಕಿದೀಯ." ಅರವತ್ತು ವರ್ಷದಿಂದ ಒಂದೇ ಹಾಕುತ್ತಿದ್ದೇನೆ. ಇನ್ನೊಂದು ಒಡೆದು ಹಾಕಿದೆ. ಬ್ರೆಡ್ಡು ಕೆಟ್ಟಿತು. ತಿಂದೆವು.

ಎದುರು ಮನೆಯ ಪ್ರುಯಿಟ್ ಗೊತ್ತಲ್ಲ, ಅಂಗಳದಲ್ಲಿ "ಸ್ಕೂಲಿಗೆ ಹೌದು ಅನ್ನಿ" ಅಂತ ಫಲಕ ನೆಟ್ಟಿರುವವಳು. ನಾನೂ ನನ್ನದನ್ನು ನೆಟ್ಟಿದ್ದೇನೆ, "ಸ್ಕೂಲಿಗೆ ಬೇಡ ಅನ್ನಿ", ಅವಳದಕ್ಕಿಂತ ಒಂದು ಗೇಣು ಎತ್ತರಕ್ಕೆ. ಮೊನ್ನೆ ನಾಯಿ ಹಿಡಿದುಕೊಂಡು ರಸ್ತೆ ದಾಟಿ ಬಂದಳು.

"ಓಪಲ್, ಆ ಮಗು ಯಾರ್ದು?"

"ನನ್ನ ಮಗಳ ಮಗಳು."

"ಇಲ್ಲೇ ಇರ್ತಾಳಾ?"

"ನಿಮ್ಮೆದುರಿಗೇ ನಿಂತಿದಾಳಲ್ಲ."

"ಬೆಳಿಗ್ಗೆ ಕಾರಲ್ಲಿ ಬಂದು ಇಳೀತಾಳೆ, ದಿನಾ ನೋಡ್ತೀನಿ."

"ನಿಮ್ಮ ನಾಯಿನೂ ಕಾರಲ್ಲೇ ತಿರುಗುತ್ತೆ. ಅದರ ಸಂಸಾರ ಏನ್ ಕಾರಲ್ಲೇ?"

ಮುಖ ಗಂಟಿಕ್ಕಿಕೊಂಡು ಹೋದಳು. ಹೋಗಲಿ. ಚರ್ಚಿನ ಕೌದಿ ಹೊಲಿಯುವ ಗುಂಪಿನಲ್ಲಿ ಎಲ್ಲ ವಿಧವೆಯರಿಗೂ ಈ ಸಲ "ಬೇಡ" ಅನ್ನಲು ಹೇಳಿದ್ದೇನೆ. ಮತದಾನದ ದಿನ ಚರ್ಚಿನ ವ್ಯಾನೂ ಗೊತ್ತುಮಾಡಿದ್ದೇನೆ. ಕಾಲು ಬಾರದವರು ಅಂತ ಯಾರೂ ಮನೆಯಲ್ಲಿ ಉಳಿಯಬಾರದು.

ಇನ್ನೊಂದು ವಿಷಯ. ಬಸ್ಸಿಗೆ ಕಾಯುತ್ತಾ ಡೆಲಾ ನನ್ನ ಫಲಕವನ್ನೂ ಓದಿದಳು, ಯಾರ ಸಹಾಯವೂ ಇಲ್ಲದೆ, ಒಂದೊಂದೇ ಮಾತು. "ಅಜ್ಜಿ, ಸ್ಕೂಲಿಗೆ ಬೇಡ ಅನ್ನಿ ಅಂತ ಯಾಕಿದೆ?"

"ತೆರಿಗೆಗೆ ಬೇಡ ಅಂತ ಕಣೇ. ಸ್ಕೂಲಿಗಲ್ಲ."

"ಹಾಗೆ ಬರ್ದಿಲ್ಲ," ಅಂದಳು. ಅಷ್ಟರಲ್ಲಿ ಬಸ್ಸು ಬಂತು.

ನಿನ್ನ ಅಮ್ಮ


ಹಾರ್ಲನ್ ಗ್ರೋವ್
9 ಅಕ್ಟೋಬರ್

ರೊಂಡಾ,

ಇದನ್ನು ಓದುವಾಗ ಕೂತುಕೊಂಡಿರು.

ಕಳೆದ ವಾರವೆಲ್ಲ ಬೆಳಿಗ್ಗೆ ಒಂದು ಬೂದು ಕಾರು ಪ್ರುಯಿಟ್ ಮನೆಯ ಮುಂದೆ ನಿಲ್ಲುತ್ತಿತ್ತು. ಮನೆ ಕೆಡವುವವರಿರಬೇಕು ಅಂದುಕೊಂಡೆ. ಶುಕ್ರವಾರ ಅದರೊಳಗಿಂದ ಒಬ್ಬ ಇಳಿದು ನನ್ನ ಬಾಗಿಲು ತಟ್ಟಿದ. ನಿವೃತ್ತ ಪೊಲೀಸು, ಈಗ ಸ್ಕೂಲಿನವರ ಸಂಬಳ. ಯಾವ ಮಗು ನಿಜವಾಗಿ ಯಾವ ಮನೆಯಲ್ಲಿ ಮಲಗುತ್ತದೆ ಅಂತ ನೋಡುವುದೇ ಅವನ ಉದ್ಯೋಗವಂತೆ. ನೋಡು ಮತ್ತೆ, ನನ್ನ ತೆರಿಗೆ ಹೋಗುತ್ತಿರುವುದು ಇಂಥದ್ದಕ್ಕೆ.

"ಡೆಲಾ ಇಲ್ಲೇ ವಾಸ ಇದಾಳಾ, ಅಮ್ಮಾವ್ರೇ?"

"ಹೌದು."

"ಎಲ್ಲಿ ಮಲಗ್ತಾಳೆ?"

"ಹಾಸಿಗೆ ಮೇಲೆ. ನಿಮ್ಮನೇಲಿ ಮಕ್ಕಳನ್ನ ಎಲ್ಲಿ ಮಲಗಿಸ್ತೀರಿ?"

ಅವನು ನಗಲಿಲ್ಲ. ನಗದ ಗಂಡಸಿನ ಮುಂದೆ ನನ್ನ ಆಟ ನಡೆಯುವುದಿಲ್ಲ, ಅದು ನಿನಗೂ ಗೊತ್ತು. ಹಾಸಿಗೆ ತೋರಿಸಿ ಅಂದ. ನಿನ್ನ ಹಳೆಯ ಕೋಣೆ ತೋರಿಸಿದೆ. ಕೌದಿ ಹೊದಿಸಿಟ್ಟಿದ್ದೆ, ಡೆಲಾ ಬರೆದ ಚಿತ್ರವನ್ನೂ ಗೋಡೆಗೆ ಅಂಟಿಸಿದ್ದೆ. ತಲೆಯಾಡಿಸಿದ. ಗೆದ್ದೆ ಅಂದುಕೊಂಡೆ. ಆಮೇಲೆ ಬಚ್ಚಲುಮನೆ ನೋಡಬಹುದೇ ಅಂದ.

"ಮಗೂನ ಬ್ರಷ್ ಎಲ್ಲಿ?"

ಮನೆಯಲ್ಲಿ ಇದ್ದದ್ದು ನನ್ನ ಕಟ್ಟಿಸಿದ ಹಲ್ಲು ನೆನೆಯಿಡುವ ಲೋಟ ಒಂದೇ. ಹಲ್ಲುಜ್ಜುವ ಬ್ರಷ್ಷು ಈ ಮನೆಯೊಳಗೆ ಬಂದು ಯಾವ ಕಾಲವಾಯಿತೋ. ಅವನು ಲೋಟ ನೋಡಿದ, ನನ್ನನ್ನು ನೋಡಿದ, "ಕ್ಷಮಿಸಿ, ಅಮ್ಮಾವ್ರೇ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ದಿನವೆಲ್ಲ ದಂತವೈದ್ಯರ ಹತ್ತಿರ ಊರವರ ಹಲ್ಲು ತಿಕ್ಕುವ ಹೆಂಗಸು ನೀನು. ಸ್ವಂತ ಮಗಳ ಹೆಸರಿನಲ್ಲಿ ಇಲ್ಲೊಂದು ಬ್ರಷ್ಷು ಇಡಬೇಕು ಅಂತ ನಿನಗೆ ಹೊಳೆಯಲಿಲ್ಲವೇ? ನನಗೂ ಹೊಳೆಯಲಿಲ್ಲ. ಆದರೆ ನನಗೆ ಹಲ್ಲಿಲ್ಲ.

ಅಮ್ಮ


ವೆಸ್ಟ್ ಟಿಲ್ಟನ್
20 ಅಕ್ಟೋಬರ್

ಮಾನ್ಯ ಮನೆಯೊಡತಿಯವರಿಗೆ,

ನಿಮ್ಮ ಮನೆ ಮಾರಾಟಕ್ಕಿಲ್ಲವೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಇಂಥ ಪತ್ರ ಬರೆದು ನನ್ನ ಕೈ ಪಳಗಿದೆ.

ನಮ್ಮದು ಮೂವರ ಸಂಸಾರ. ನನ್ನ ಗಂಡ ಮನೆಗಳ ಹೀಟರು ಸರಿಮಾಡುತ್ತಾನೆ. ಮಾತು ಕಡಿಮೆ. ಊಟಕ್ಕೆ ಕರೆದರೆ ಬರುತ್ತಾನೆ, ಕರೆಯದಿದ್ದರೆ ಬರುವುದಿಲ್ಲ. ನನ್ನ ಮಗಳು ಡೆಲಾ ಈ ಸೋಮವಾರದವರೆಗೆ ಹಾರ್ಲನ್ ಗ್ರೋವಿನ ಸ್ಕೂಲಿನಲ್ಲಿದ್ದಳು. ಈಗ ಅವಳ ಹೆಸರು ತೆಗೆದಿದ್ದಾರೆ. ಸಾಮಾನು ತರಲು ಹೋದಾಗ ಮಿಸ್ ಲಿಂಡ್‌ಕ್ವಿಸ್ಟ್ ಅವಳ ಕೈಗೆ ಮರಳಿನ ತಟ್ಟೆ ಕೊಟ್ಟು, ನನ್ನೊಡನೆ ಬಾಗಿಲವರೆಗೆ ಬಂದರು. ಸ್ಕೂಲಿನ ತೆರಿಗೆಯ ಮತ ಈ ಸಲ ಬಿದ್ದುಹೋದರೆ ಮೊದಲು ಹೋಗುವುದು ತಮ್ಮ ಕೆಲಸವೇ ಎಂದರು. ನೆಲ ನೋಡಿಕೊಂಡು ಹೇಳಿದರು. ಅವರು ಓಡಾಡುವ ದಾರಿಯಲ್ಲೇ ನಿಮ್ಮ ಅಂಗಳವಿದೆ, ಅಂಗಳದಲ್ಲಿ ನಿಮ್ಮ ಫಲಕವಿದೆ.

ನಿಮ್ಮ ಮನೆ ನನಗೆ ಚೆನ್ನಾಗಿ ಗೊತ್ತು. ಮಹಡಿಯ ಮೆಟ್ಟಿಲಲ್ಲಿ ಯಾವುದು ಕಿರುಗುಟ್ಟುತ್ತದೆ, ಯಾವುದನ್ನು ದಾಟಿ ಕಾಲಿಟ್ಟರೆ ಅಮ್ಮನಿಗೆ ಎಚ್ಚರವಾಗುವುದಿಲ್ಲ ಎನ್ನುವುದೂ ಗೊತ್ತು. ಹಿತ್ತಿಲ ಸೇಬಿನ ಮರದಿಂದ ಬಿದ್ದು ನಾನು ಕೈ ಮುರಿದುಕೊಂಡಿದ್ದೆ. ಆ ಮರದ ಕೆಳಗೆ ನಮ್ಮ ಡೆಲಾ ಆಡುವುದನ್ನು ನಾನು ಕಣ್ಣಲ್ಲಿ ಕಂಡೆ. ಈ ಮಾತನ್ನು ಮನೆ ಮಾರುವ ಎಷ್ಟೋ ಜನಕ್ಕೆ ಬರೆದಿದ್ದೆ. ನಿಮಗೆ ಬರೆಯುವಾಗ ಮಾತ್ರ ಎರಡು ಸಲ ಹರಿದು ಬರೆದೆ.

ಕೆಡವಿ ಕಟ್ಟುವವರು ಕೊಡುವಷ್ಟು ನಾವು ಕೊಡಲಾರೆವು. ಅದರ ಅರ್ಧ, ಅದೂ ಕಂತಿನಲ್ಲಿ. ನಿಮ್ಮ ಕೋಣೆ ನಿಮಗೇ ಇರಲಿ.

ಇದನ್ನು ಮೊದಲೇ ಏಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ನೀವು ಮೊದಲೇ ಏಕೆ ಹೇಳಲಿಲ್ಲ ಎಂದು ನಾನೂ ಕೇಳಬಹುದು.

ಕೊಳ್ಳಲು ಬಯಸುವ,
ರೊಂಡಾ


ಹಾರ್ಲನ್ ಗ್ರೋವ್
24 ಅಕ್ಟೋಬರ್

ಕೊಳ್ಳಲು ಬಯಸುವ ರೊಂಡಾಗೆ,

ಮಾರುವುದಿಲ್ಲ.

ಹೊಟ್ಟೆಯಲ್ಲಿ ಹೊತ್ತವಳಿಗೆ ಕಂತು ಕಟ್ಟುತ್ತೀಯಾ? ನಿಮ್ಮಪ್ಪ ಕೇಳಿದ್ದರೆ ಇನ್ನೊಂದು ಸಲ ಸಾಯುತ್ತಿದ್ದ. ಎಷ್ಟೋ ಸಲ ಬಾಯಿಯವರೆಗೂ ಬಂದಿತ್ತು, "ಇಲ್ಲಿಗೇ ಬನ್ನಿ" ಅನ್ನುವುದು. ಅಂದರೆ ನಿನ್ನ ಗಂಡ "ಮನೆಯಳಿಯ ಆಗಲ್ಲ" ಅನ್ನುತ್ತಾನೆ, ನೀನು "ಅಮ್ಮನಿಗೆ ಒಂಟಿತನ, ಅದಕ್ಕೆ ಕರೀತಾಳೆ" ಅನ್ನುತ್ತೀಯ ಅಂತ ನುಂಗಿಕೊಂಡೆ. ನುಂಗಿದ್ದು ಮುಳ್ಳಾಗಿ ಕೂತಿತು. ನೀನೂ ಕಡಿಮೆಯವಳಲ್ಲ. ಹಾದಿಹೋಕರಿಗೆಲ್ಲ ಪತ್ರ ಬರೆದೆ, ನನಗೆ ಬರೆಯಲು ಮಗುವನ್ನು ಸ್ಕೂಲಿನಿಂದ ಓಡಿಸಬೇಕಾಯಿತು.

ನೀವಿರುವ ಬಾಡಿಗೆ ಮನೆಯ ಕರಾರು ನವೆಂಬರ್ ಕೊನೆಗೆ ಮುಗಿಯುತ್ತದೆ ಅಂದಿದ್ದೆಯಲ್ಲ. ಅವತ್ತೇ ಬನ್ನಿ. ಮಹಡಿ ನಿಮ್ಮದು, ಕೆಳಗೆ ನನ್ನದು. ಅಡುಗೆಮನೆ ನನ್ನದು, ಜಗಳ ಮಾಡಿದರೂ ನನ್ನದೇ. ನೆಲಮಾಳಿಗೆ ಕರ್ಟಿಸನದು. ಅವನಿಗೆ ಹೇಳು, ಹೀಟರು ಮತ್ತೆ ಕೆಮ್ಮುತ್ತಿದೆ. ಈ ಸಲ ಲಕೋಟೆ ಇಲ್ಲ. ಬೀನ್ಸು ಬೇಯಿಸಿರುತ್ತೇನೆ, ಒಂದೇ ಮೊಟ್ಟೆಯ ಬ್ರೆಡ್ಡೂ ಇರುತ್ತದೆ. ಕೂತು ತಿನ್ನಲಿ. ನಾನಾಗಿ ಕರೆದೆ ಅಂತಲೇ ಹೇಳು.

ಪೇಟೆಗೆ ಹೋಗಿ ಬ್ರಷ್ಷು ತಂದೆ. ಮೂರು. ಹಲ್ಲಿನ ಲೋಟ ಕಿಟಕಿಗೆ ಹೋಯಿತು, ಅದರ ಜಾಗದಲ್ಲಿ ಅವು ನಿಂತಿವೆ. ಬೂದು ಕಾರಿನವನು ಈಗ ಬರಲಿ.

ಫಲಕದ ವಿಷಯ ಕೇಳಬೇಡ. ಕಿತ್ತು ಗರಾಜಿನಲ್ಲಿ ಇಟ್ಟಿದ್ದೇನೆ. ಪ್ರುಯಿಟ್ ಕಿಟಕಿಯಿಂದ ನೋಡುತ್ತಿದ್ದಳು. ಗಾಳಿಗೆ ವಾಲಿತ್ತು ಅನ್ನುವ ಹಾಗೆ ಕಿತ್ತೆ.

ಅಮ್ಮ


ಹಾರ್ಲನ್ ಗ್ರೋವ್
12 ನವೆಂಬರ್

ಮಗಳೇ,

ಪೇಪರಿನಲ್ಲಿ ನೀನೂ ಓದಿರುತ್ತೀಯ. ಸ್ಕೂಲಿನ ತೆರಿಗೆ ಬಿದ್ದುಹೋಯಿತು. ಎಷ್ಟು ಮತದಿಂದ ಅಂದರೆ, ಚರ್ಚಿನ ವ್ಯಾನಿನಲ್ಲಿ ಹಿಡಿಸುವಷ್ಟು.

ಆ ವ್ಯಾನನ್ನು ಗೊತ್ತುಮಾಡಿದವಳು ನಾನೇ. ಮತದಾನದ ಬೆಳಿಗ್ಗೆ ಎಲ್ಲರೂ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಹತ್ತಿ ಕೂತಿದ್ದರು. ನಾನು ಮುಂದಿನ ಸೀಟಿನಿಂದ ತಿರುಗಿ ಹೇಳಿದೆ: "ಕೇಳ್ರಮ್ಮಾ, ನಾನು ಯೋಚನೆ ಮಾಡಿದೆ. ಈ ಸಲ ಹೌದು ಅಂತ ಹಾಕೋಣ."

ಯೂನಿಸ್ ಗೊತ್ತಲ್ಲ, ಹಿಂದಿನ ಸೀಟಿನಲ್ಲಿದ್ದಳು. "ಏನೇ ಓಪಲ್, ಜ್ವರಾನಾ?"

"ನನ್ನ ಮೊಮ್ಮಗಳಿಗೆ ಓದು ಕಲಿಸ್ತಿದ್ದ ಟೀಚರು ಕಣೇ, ಅವಳ ಕೆಲಸ ಹೋಗುತ್ತೆ."

"ನನ್ನ ಮೊಮ್ಮಗನೂ ಓದಲ್ಲ. ಅವನು ಟೆಕ್ಸಸ್ಸಲ್ಲಿದಾನೆ. ಅದಕ್ಕೆ ನಾನ್ಯಾಕೆ ಇಲ್ಲಿ ತೆರಿಗೆ ಕಟ್ಲಿ? ಇದು ನಿನ್ನ ಮಾತೇ. ಬೇಸಿಗೆಯಿಂದ ಇದನ್ನೇ ಹೇಳಿ ಹೇಳಿ ಕೌದಿ ಜೊತೆ ಹೊಲಿದುಬಿಟ್ಟಿದೀಯ."

ಎಲ್ಲರೂ ನಕ್ಕರು. ನಾನು ಅವರಿಗೆ ಎಮ್ಮೆಟ್ಟನ ಕಥೆ ಹೇಳಿದೆ, ಮರಳಿನ ತಟ್ಟೆ ಹೇಳಿದೆ, ಫಲಕ ಓದಿದ್ದು ಹೇಳಿದೆ. ಪಾಪ ಅಂದರು. ನಿಜವಾಗಿಯೂ ಪಾಪ ಅಂದರು, ಒಬ್ಬಳಂತೂ ಕಣ್ಣೊರೆಸಿಕೊಂಡಳು. ಇಳಿದು ಒಳಗೆ ಹೋಗಿ "ಬೇಡ" ಅಂತ ಹಾಕಿ ಬಂದರು. ತಾವು ಹಾಗೆ ಹಾಕಿದೆವು ಅಂತ ವಾಪಸ್ಸು ಬರುವಾಗ ನನಗೇ ಹೇಳಿದರು, ನನಗೆ ಖುಷಿಯಾಗಲಿ ಅಂತ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಹೋಗುವುದಿಲ್ಲ ಕಣೇ. ಊರವರ ಬಾಯಲ್ಲಿ ಉಳಿಯುತ್ತದೆ, ನಮಗೇ ವಾಪಸ್ಸು ಕೊಡುತ್ತಾರೆ.

ನಾನು "ಹೌದು" ಅಂತ ಹಾಕಿದೆ.

ಇನ್ನೇನು ನೀವು ಬರುತ್ತೀರಿ. ಡೆಲಾ ನ್ಯಾಯವಾಗಿ ಅದೇ ಬಸ್ಸು ಹತ್ತುತ್ತಾಳೆ. ಮಿಸ್ ಲಿಂಡ್‌ಕ್ವಿಸ್ಟ್ ಕ್ರಿಸ್ಮಸ್ ತನಕ ಮಾತ್ರ ಇರುತ್ತಾಳಂತೆ. ಆಮೇಲೆ ಹತ್ತಕ್ಕೆ ಹತ್ತು ಅಂತ ಬೋರ್ಡು ಹೊತ್ತ ಸ್ಕೂಲಿನಲ್ಲಿ ನಮ್ಮ ಮಗು ಮತ್ತೆ ಚಿತ್ರ ನೋಡಿ ಊಹಿಸಬೇಕು. ಮರಳಿನ ತಟ್ಟೆ ಹೇಗೆ ಅಂತ ಅವಳು ಹೋಗುವ ಮುಂಚೆ ಕೇಳಿ ತಿಳಿದುಕೋ, ನನಗೂ ಹೇಳಿಕೊಡು. ನಾನು ಎಂಟನೇ ತರಗತಿ, ಅವಳ ಹಾಗೆ ಬರುವುದಿಲ್ಲ. ಬರುವಷ್ಟು ಮಾಡುತ್ತೇನೆ.

ಮೇ ತಿಂಗಳಲ್ಲಿ ಮತ್ತೆ ಮತಕ್ಕೆ ಹಾಕುತ್ತಾರಂತೆ. ಮೇ ತನಕ ಕೌದಿ ಗುಂಪಿನಲ್ಲಿ ನನಗೆ ಬೇಕಾದಷ್ಟು ಸೂಜಿ ದಾರ ಇದೆ, ಹೊಲಿದದ್ದನ್ನು ಬಿಚ್ಚಲಿಕ್ಕೆ. ಯೂನಿಸಳಿಂದಲೇ ಶುರು.

ಪ್ರುಯಿಟ್‌ಳ ಗರಾಜಿನಲ್ಲಿ "ಹೌದು" ಫಲಕಗಳು ರಾಶಿ ಬಿದ್ದಿವೆ. ಬಾಗಿಲು ತೆರೆದಿದ್ದಾಗ ಕಂಡೆ. ನನ್ನ ಅಂಗಳದಲ್ಲಿ ನೆಡಲು ಒಂದು ಬೇಕು, ಈಗಲೇ, ಹಿಮ ಬಿದ್ದು ನೆಲ ಕಲ್ಲಾಗುವ ಮುಂಚೆ. ಅವಳೇ ನಮ್ಮ ಮೇಲೆ ದೂರು ಕೊಟ್ಟವಳು ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ಸೇಬಿನ ಪೈ ಒಲೆಯಲ್ಲಿದೆ. ನಾಳೆ ಚರ್ಚು ಮುಗಿದ ಮೇಲೆ ಅದನ್ನು ಹಿಡಿದುಕೊಂಡು ರಸ್ತೆ ದಾಟುತ್ತೇನೆ. ಒಂದು ಮಾತು ಹೆಚ್ಚು ಆಡಿದಳೋ, ಪೈ ವಾಪಸ್ಸು ತರುತ್ತೇನೆ. ಫಲಕ ಬಿಟ್ಟು ಬರುವುದಿಲ್ಲ.

ಕರ್ಟಿಸನಿಗೆ ಸುತ್ತಿಗೆ ತರಲು ಹೇಳು. ನನ್ನದರ ಹಿಡಿ ಸಡಿಲಾಗಿದೆ.

ಅಮ್ಮ